ಪುಟ್ಟಪ್ಪನವರ ಮನೆಯ ಹದಿನೇಳು ಮೂಗು

ಶಿಕಾರಿಪುರ
೩ ಜನವರಿ ೨೦೨೫, ಶುಕ್ರವಾರ

ಶಶಿರೇಖಾ ಅವರಿಗೆ,

ಜಡೆ ಊರಿನ ಮಾದರಿ ಸಂಗ್ರಹ ಕೋಣೆಗೆ ನೀವು ಬಂದು ಸೇರಿದ ಪತ್ರ ತಲುಪಿತು. ನಾನು ಮುಕ್ತಾರ್ ಅಹಮದ್, ಶಿಕಾರಿಪುರ ಘಟಕದ ತಂತ್ರಜ್ಞ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಮೂಗುಗಳು ನನ್ನ ಕೈ ದಾಟಿಯೇ ಮುಂದೆ ಹೋಗಬೇಕು.

ಕೆಲಸ ಇಷ್ಟೆ. ಜ್ವರ, ಕೆಮ್ಮು ಇದ್ದವರು ಬಂದರೆ ಮೂಗಿನೊಳಗೆ ಹತ್ತಿಕಡ್ಡಿ ತಿರುಗಿಸಿ, ಗುಲಾಬಿ ದ್ರವವಿರುವ ಕೊಳವೆಗೆ ಹಾಕಿ ಮುಚ್ಚಳ ಬಿಗಿಯಬೇಕು. ಕೊಳವೆಯ ಮೇಲೆ ಹೆಸರು, ವಯಸ್ಸು, ಊರು. ಮಂಗಳವಾರ ಬೆಳಗಿನ ಬಸ್ಸಿಗೆ ಐಸ್ ಪೆಟ್ಟಿಗೆ ಹಾಕಿ. ಸೊರಬದಲ್ಲಿ ಕಂಡಕ್ಟರ್ ಪ್ರದೀಪ್ ಅದನ್ನು ಶಿಕಾರಿಪುರದ ಬಸ್ಸಿಗೆ ದಾಟಿಸುತ್ತಾನೆ. ಶುಕ್ರವಾರ ಖಾಲಿ ಪೆಟ್ಟಿಗೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಪತ್ರಗಳನ್ನು ಮುಚ್ಚಳದ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಫೋನು ಬೇಡ. ಫೋನಿನಲ್ಲಿ ಹೇಳಿದ್ದು ಫೈಲಿಗೆ ಸೇರುವುದಿಲ್ಲ. ಜೊತೆಗೆ ನನಗೆ ಎಡಗಿವಿ ಕೇಳಿಸುವುದಿಲ್ಲ.

ನೀವು ಕಳಿಸಿದ್ದರಲ್ಲಿ ಫ್ಲೂ ಇದೆಯೇ ಎಂದು ನಾನು ನೋಡುತ್ತೇನೆ. ಇದ್ದದ್ದು ದೊಡ್ಡ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ವೈರಾಣುವಿನ ಒಳಗಿನ ಬರಹವನ್ನು ಅಕ್ಷರ ಬಿಡದೆ ಓದುತ್ತಾರೆ. ಮೈಯಿಂದ ಮೈಗೆ ದಾಟುತ್ತ ಅದು ಚೂರುಚೂರೇ ಬದಲಾಗುತ್ತದೆ. ಯಾವುದೋ ಊರಿನಲ್ಲಿ, ಯಾರದೋ ಮೂಗಿನಲ್ಲಿ ಕೆಟ್ಟ ರೀತಿಯಲ್ಲಿ ಬದಲಾಯಿತೆಂದರೆ ಜಗತ್ತಿಗೇ ಜ್ವರ. ಅದು ಮೊದಲೇ ಗೊತ್ತಾಗಲಿ ಎಂದು ಈ ಯೋಜನೆ.

ತಿಂಗಳಿಗೆ ಇಪ್ಪತ್ತು ಮಾದರಿ ಕಡ್ಡಾಯ. ಜನವರಿಯಲ್ಲಿ ಇಪ್ಪತ್ತು ಆಗದಿದ್ದರೆ ಜಡೆಯ ಕೋಣೆ ಮುಚ್ಚುತ್ತಾರೆ, ನಿಮ್ಮ ಹುದ್ದೆಯೂ ಹೋಗುತ್ತದೆ. ನಿಮಗಿಂತ ಮೊದಲಿದ್ದವರು ಆರಕ್ಕೇ ನಿಂತರು.

ಮುಕ್ತಾರ್ ಅಹಮದ್
ತಂತ್ರಜ್ಞ


ಜಡೆ
೭ ಜನವರಿ ೨೦೨೫, ಮಂಗಳವಾರ

ಮಾನ್ಯರೇ,

ಫೋನು ಬೇಡ ಎಂದಿದ್ದೀರಿ. ಕೆಲಸಕ್ಕೆ ಸೇರಿದ ಮೇಲೆ ನನಗೆ ಸಿಕ್ಕ ಮೊದಲ ಸಮಾಧಾನ ಅದು.

ಈ ವಾರ ಎರಡು ಕೊಳವೆ ಕಳಿಸುತ್ತಿದ್ದೇನೆ. ಒಂದು, ಬಸ್ ಸ್ಟ್ಯಾಂಡಿನ ಈ ಕೋಣೆಯ ಮಾಲೀಕರದ್ದು. ಇನ್ನೊಂದು, ಬಸ್ಸು ತಪ್ಪಿ ನೆರಳಿಗೆಂದು ಒಳಗೆ ಬಂದ ಒಬ್ಬ ಹೆಂಗಸಿನದು. ಜ್ವರದವರು ಊರಿನಲ್ಲಿ ಇಲ್ಲವೆಂದಲ್ಲ. ದಿನಕ್ಕೆ ನಾಲ್ಕೈದು ಜನ ಬಾಗಿಲಿಗೆ ಬರುತ್ತಾರೆ. ಮಾತು ಹೀಗೆ ನಡೆಯುತ್ತದೆ:

"ಗುಳಿಗೆ ಕೊಡ್ತೀರೇನ್ರೀ?"

"ಇಲ್ಲ."

"ಇಂಜೆಕ್ಷನ್ನು?"

"ಇಲ್ಲ."

"ಮತ್ತೆ ಎಂಥ ಮಾಡ್ತೀರಿ?"

"ಮೂಗಿನೊಳಗೆ ಕಡ್ಡಿ ಹಾಕ್ತೀನಿ."

ಅವರು ನನ್ನ ಮುಖ ನೋಡುತ್ತಾರೆ. ನಾನು ನೆಲ ನೋಡುತ್ತೇನೆ. ಮತ್ತೆ ತಲೆ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಬಿಸಿಲು ಮಾತ್ರ ಇರುತ್ತದೆ.

ನಾನು ಕನ್ನಡ ಎಂ.ಎ. ಮಾಡಿ ಎರಡು ವರ್ಷ ತಾಳಗುಂದದ ನಮ್ಮ ಮನೆಯಲ್ಲೇ ಇದ್ದವಳು. ಅಲ್ಲಿ ನನ್ನನ್ನು ಬಾಯಿಸತ್ತವಳು ಅನ್ನುತ್ತಾರೆ. ಈ ಕೆಲಸವೂ ಹೋದರೆ ಆ ಹೆಸರು ಖಾಯಂ ಆಗುತ್ತದೆ. ಕಚೇರಿ ಪತ್ರದಲ್ಲಿ ಇದನ್ನೆಲ್ಲ ಬರೆಯಬಾರದೇನೋ. ಕ್ಷಮಿಸಿ.

ತಮ್ಮ ವಿಶ್ವಾಸಿ,
ಶಶಿರೇಖಾ


ಶಿಕಾರಿಪುರ
೧೦ ಜನವರಿ ೨೦೨೫, ಶುಕ್ರವಾರ

ಶಶಿರೇಖಾ ಅವರಿಗೆ,

ಎರಡೂ ಕೊಳವೆ ಬಂದವು. ಎರಡರಲ್ಲೂ ಫ್ಲೂ ಇದೆ, ಸಂತೋಷ.

ನಮೂನೆಯ ಕೊನೆಯಲ್ಲಿ ಷರಾ ಎಂಬ ಕಾಲಂ ಇದೆ. ಜ್ವರ ಎಷ್ಟು ದಿನದಿಂದ, ಕೆಮ್ಮು ಇದೆಯೇ ಎಂದು ಬರೆಯಲು ಅದು ಇರುವುದು. ನೀವು ಹೀಗೆ ಬರೆದಿದ್ದೀರಿ: "ಯಾರನ್ನೋ ಬೀಳ್ಕೊಟ್ಟು ಬಂದ ಮುಖ. ಕೆಮ್ಮಿನಲ್ಲಿ ರೋಗಕ್ಕಿಂತ ಸಂಕೋಚ ಹೆಚ್ಚು." ಇದನ್ನು ಕಂಪ್ಯೂಟರಿಗೆ ಹಾಕಲು ನಮ್ಮಲ್ಲಿ ಜಾಗವಿಲ್ಲ. ನನ್ನ ಹೆಂಡತಿ ಶಹಜಹಾನ್ ಬೇಗಂಗೆ ಓದಿ ಹೇಳಿದೆ. ಆ ಹೆಂಗಸು ಗಂಡನನ್ನು ದುಬೈಗೆ ಕಳಿಸಿ ಬಂದಿರಬೇಕು ಎಂದಳು. ನೋಡಿ, ಒಂದು ಕೊಳವೆಯಿಂದ ಎಲ್ಲಿಗೆ ಹೋಯಿತು ವಿಷಯ.

ಇನ್ನು ಜನ. ಮೊದಲೇ ಕಡ್ಡಿಯ ಸುದ್ದಿ ಎತ್ತಬೇಡಿ. ಕೂರಿಸಿ, ಊರು ಕೇಳಿ, ಬೆಳೆ ಕೇಳಿ, ಆಮೇಲೆ ಮೂಗು ಕೇಳಿ. ನನ್ನ ಮೂವತ್ತೊಂದು ವರ್ಷದ ಅನುಭವ ಇದು.

ಮುಕ್ತಾರ್ ಅಹಮದ್


ಜಡೆ
೧೪ ಜನವರಿ ೨೦೨೫, ಮಂಗಳವಾರ

ಮಾನ್ಯ ಮುಕ್ತಾರ್ ಸಾಹೇಬರಿಗೆ,

ಒಂದು ಕೊಳವೆ ಇದೆ. ಹೇಳಿದ ಹಾಗೇ ಮಾಡಿದೆ. ಒಬ್ಬರನ್ನು ಕೂರಿಸಿ ಊರು ಕೇಳಿದೆ, ಬೆಳೆ ಕೇಳಿದೆ. ಅವರು ಜೋಳದ ಸೈನಿಕ ಹುಳುವಿನಿಂದ ಶುರುಮಾಡಿ ಒಂದೂವರೆ ತಾಸು ಮಾತಾಡಿದರು. ಮೂಗು ಕೇಳಲು ಸಂದು ಸಿಗಲಿಲ್ಲ. ಬಸ್ಸು ಬಂತು, ಹೋದರು. ಕಳಿಸಿರುವ ಕೊಳವೆ ಅವರದಲ್ಲ, ಅವರು ಹೋಗುವುದನ್ನೇ ಕಾದು ಹೊರಗೆ ಕೂತಿದ್ದ ಇನ್ನೊಬ್ಬರದು.

ವೈರಾಣು ಚೂರುಚೂರೇ ಬದಲಾಗುತ್ತದೆ ಎಂದು ಬರೆದಿದ್ದಿರಿ. ಅದು ನನಗೆ ಬೇರೆ ದಾರಿಯಲ್ಲಿ ಅರ್ಥವಾಯಿತು. ನಮಗೆ ಎಂ.ಎ.ಯಲ್ಲಿ ಗ್ರಂಥಸಂಪಾದನೆ ಎಂಬ ಪಾಠವಿತ್ತು. ಹಿಂದೆ ಕಾವ್ಯಗಳನ್ನು ಓಲೆಗರಿಯಲ್ಲಿ ಕೈಯಿಂದಲೇ ನಕಲು ಮಾಡುತ್ತಿದ್ದರು. ಎಷ್ಟು ಜಾಣ ಲಿಪಿಕಾರನಾದರೂ ನಕಲು ಮಾಡುವಾಗ ಒಂದೆರಡು ಕಡೆ ತಪ್ಪುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆಯುವವನು ಆ ತಪ್ಪನ್ನೂ ಬರೆದು ತನ್ನದೊಂದನ್ನು ಸೇರಿಸುತ್ತಾನೆ. ಹಾಗಾಗಿ ಯಾವ ಪ್ರತಿ ಯಾವುದರ ಮಗು ಎಂದು ತಪ್ಪುಗಳಿಂದಲೇ ಪತ್ತೆ ಮಾಡಬಹುದು. ನಿಮ್ಮ ದೊಡ್ಡ ಪ್ರಯೋಗಾಲಯದವರು ಮಾಡುವುದೂ ಇದೇ ಅಲ್ಲವೇ?

ಸಂಕ್ರಾಂತಿಯ ಎಳ್ಳುಬೆಲ್ಲ ಪೆಟ್ಟಿಗೆಯಲ್ಲಿದೆ. ತಮಗೂ ಮನೆಯವರಿಗೂ.

ಶಶಿರೇಖಾ


ಶಿಕಾರಿಪುರ
೧೭ ಜನವರಿ ೨೦೨೫, ಶುಕ್ರವಾರ

ಶಶಿರೇಖಮ್ಮನವರಿಗೆ,

ರೋಗಿಗಳ ಮಾದರಿ ಇರುವ ಪೆಟ್ಟಿಗೆಯಲ್ಲಿ ತಿನ್ನುವ ವಸ್ತು ಇಡುವುದು ನಿಯಮ ಸಂಖ್ಯೆ ನಾಲ್ಕರ ಉಲ್ಲಂಘನೆ. ಇದನ್ನು ಕಟ್ಟುನಿಟ್ಟಾಗಿ ತಿಳಿಸುತ್ತಿದ್ದೇನೆ. ಪೊಟ್ಟಣ ಮೂರು ಸುತ್ತು ಕಟ್ಟಿತ್ತು, ಮುಚ್ಚಳದ ಕವರಿನಲ್ಲಿತ್ತು, ಆದ್ದರಿಂದ ತಿಂದೆವು. ಕೊಬ್ಬರಿ ಚೆನ್ನಾಗಿತ್ತು. ಇನ್ನು ಮುಂದೆ ಪ್ರದೀಪನ ಕೈಗೆ ಬೇರೆಯಾಗಿ ಕೊಡಿ.

ಓಲೆಗರಿಯ ಮಾತು ಸರಿ. ಮೂವತ್ತೊಂದು ವರ್ಷದಲ್ಲಿ ಯಾವ ತರಬೇತಿಯಲ್ಲೂ ನನಗೆ ಹೀಗೆ ಹೇಳಿಕೊಟ್ಟಿರಲಿಲ್ಲ.

ಆದರೆ ಈವರೆಗೆ ಮೂರು ಕೊಳವೆ ಮಾತ್ರ. ಮೇಲಿನವರು ಪಟ್ಟಿ ಕೇಳಿದ್ದಾರೆ. ಬರುವ ವಾರದೊಳಗೆ ಉಳಿದ ಹದಿನೇಳು ಬರದಿದ್ದರೆ ನಾನು ನಿಮ್ಮ ಪರವಾಗಿ ಬರೆದೂ ಪ್ರಯೋಜನವಿಲ್ಲ. ಬೇಜಾರಿನಿಂದಲೇ ತಿಳಿಸುತ್ತಿದ್ದೇನೆ.

ಮುಕ್ತಾರ್ ಅಹಮದ್


ಜಡೆ
೨೧ ಜನವರಿ ೨೦೨೫, ಮಂಗಳವಾರ

ಮಾನ್ಯರೇ,

ಹದಿನೇಳು ಕೊಳವೆ ಕಳಿಸಿದ್ದೇನೆ. ಎಲ್ಲರೂ ಇಲ್ಲಿಯ ಪುಟ್ಟಪ್ಪನವರ ಅವಿಭಕ್ತ ಕುಟುಂಬದವರು. ಹೆಸರು, ವಯಸ್ಸು ನಮೂನೆಯಲ್ಲಿವೆ.

ಶಶಿರೇಖಾ


ಶಿಕಾರಿಪುರ
೨೪ ಜನವರಿ ೨೦೨೫, ಶುಕ್ರವಾರ

ಶಶಿರೇಖಮ್ಮನವರಿಗೆ,

ಶಹಬ್ಬಾಸ್! ಪೆಟ್ಟಿಗೆ ತೆರೆದು ಎಣಿಸಿದೆ, ಮತ್ತೆ ಎಣಿಸಿದೆ. ಮೂರು ಮತ್ತು ಹದಿನೇಳು, ಸರಿಯಾಗಿ ಇಪ್ಪತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹದಿನೇಳರಲ್ಲಿ ಹದಿನೇಳಕ್ಕೂ ಫ್ಲೂ ಇದೆ. ಷರಾ ಕಾಲಂ ಪೂರ್ತಿ ಖಾಲಿ ಬಿಟ್ಟಿದ್ದೀರಿ. ಬರವಣಿಗೆ ಬಹಳ ಸುಧಾರಿಸಿದೆ.

ಒಂದು ವಿಚಾರ. ದ್ರವ ಗುಲಾಬಿ ಇರಬೇಕು. ಹದಿನೇಳೂ ಕಾಫಿ ಬಣ್ಣಕ್ಕೆ ತಿರುಗಿವೆ. ಒಂಬತ್ತು ವರ್ಷದ ಸಂಗೀತ ಎಂಬ ಮಗುವಿನದು ಎಲ್ಲಕ್ಕಿಂತ ಕಪ್ಪು. ನಾನು ಬಹಳ ಯೋಚಿಸಿ ಕಾರಣ ಕಂಡುಹಿಡಿದೆ. ನಿಮ್ಮ ಕಡೆ ಈಗ ಭತ್ತದ ಒಕ್ಕಣೆಯ ಕಾಲ, ಮನೆಯ ತುಂಬ ದೂಳು, ಅದು ಎಲ್ಲರ ಮೂಗಿನಲ್ಲೂ ಇದೆ. "ಒಕ್ಕಣೆಯ ದೂಳು ಮತ್ತು ಮಾದರಿಯ ಬಣ್ಣ" ಎಂದು ನಾಲ್ಕು ವಾಕ್ಯದ ಟಿಪ್ಪಣಿ ಬರೆದು, ಸಹಿ ಮಾಡಿ, ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿಬಿಟ್ಟಿದ್ದೇನೆ.

ಪಟ್ಟಿಯಲ್ಲಿ ತೊಂಬತ್ತಾರು ವರ್ಷದ ಹೂವಮ್ಮ ಎಂಬವರಿದ್ದಾರೆ. ಆ ವಯಸ್ಸಿನಲ್ಲಿ ದೇಶಕ್ಕಾಗಿ ಮೂಗು ಕೊಟ್ಟದ್ದು ದೊಡ್ಡ ಮಾತು. ಅವರಿಗೆ ನನ್ನ ಸಲಾಮು ತಿಳಿಸಿ.

ಮುಕ್ತಾರ್ ಅಹಮದ್


ಜಡೆ
೨೮ ಜನವರಿ ೨೦೨೫, ಮಂಗಳವಾರ

ಮಾನ್ಯರೇ,

ಈ ವಾರ ಕೊಳವೆ ಇಲ್ಲ.

ದೂಳು ಇರಬಹುದು. ಒಕ್ಕಣೆ ನಡೆಯುತ್ತಿರುವುದಂತೂ ನಿಜ.

ಪುಟ್ಟಪ್ಪನವರ ಮನೆಗೆ ಹೋಗಿ ಹೂವಮ್ಮನವರಿಗೆ ತಮ್ಮ ಸಲಾಮು ತಿಳಿಸಿದೆ. ಅವರು ಏನೂ ಹೇಳಲಿಲ್ಲ.

ಶಶಿರೇಖಾ


ಶಿಕಾರಿಪುರ
೭ ಫೆಬ್ರವರಿ ೨೦೨೫, ಶುಕ್ರವಾರ

ಪ್ರಿಯ ಶಶಿರೇಖಾ,

ಪೂರ್ತಿ ಓದಿ, ಆಮೇಲೆ ನೀರು ಕುಡಿಯಿರಿ.

ದೊಡ್ಡ ಪ್ರಯೋಗಾಲಯದಿಂದ ಡಾಕ್ಟರ್ ವಾಣಿಶ್ರೀ ಮೇಡಂ ತಾವೇ ಫೋನು ಮಾಡಿದ್ದರು. ಬಲಗಿವಿಗೆ ಹಿಡಿದು ಪೂರ್ತಿ ಕೇಳಿದೆ. ನಿಮ್ಮ ಮೊದಲಿನ ಮೂರು ಮಾದರಿ ಒಂದಕ್ಕಿಂತ ಒಂದು ಅಲ್ಪಸ್ವಲ್ಪ ಬೇರೆ, ಎಲ್ಲ ಕಡೆ ಇರುವ ಹಾಗೆ. ಆದರೆ ಪುಟ್ಟಪ್ಪನವರ ಮನೆಯ ಹದಿನೇಳಕ್ಕೆ ಹದಿನೇಳೂ ಒಂದೇ ಅಚ್ಚು! ಹದಿಮೂರು ಸಾವಿರ ಅಕ್ಷರಗಳಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲ. ಒಂದೇ ಮನೆಯಾದರೂ ಹದಿನೇಳು ಜನರನ್ನು ದಾಟುವಾಗ ಎಲ್ಲಾದರೂ ಒಂದು ಕಡೆ ಬದಲಾಗಿಯೇ ಇರಬೇಕು ಎನ್ನುತ್ತಾರೆ ಮೇಡಂ. ಬದಲಾಗದೆ, ಇಷ್ಟು ವೇಗದಲ್ಲಿ, ಮಗುವಿನಿಂದ ತೊಂಬತ್ತಾರರ ಮುದುಕಿಯವರೆಗೆ ಹಬ್ಬಿರುವ ತಳಿ ಅವರ ಗಮನಕ್ಕೆ ಬಂದಿರಲೇ ಇಲ್ಲವಂತೆ.

ಹದಿನೆಂಟನೇ ತಾರೀಖು ನಾಲ್ವರು ವಿಜ್ಞಾನಿಗಳು ಜಡೆಗೆ ಬರುತ್ತಾರೆ. ಮನೆಯವರನ್ನೆಲ್ಲ ಕಾಣಬೇಕಂತೆ, ಮುಖ್ಯವಾಗಿ ಹೂವಮ್ಮನವರನ್ನು. ನಿಮ್ಮ ಹುದ್ದೆ ಯೋಜನೆ ಮುಗಿಯುವ ಸೆಪ್ಟೆಂಬರ್‌ವರೆಗೆ ಮುಂದುವರಿಯುವುದು ಖಾತ್ರಿ ಎಂದು ತಿಳಿಯಿರಿ. ನನ್ನ ದೂಳಿನ ಟಿಪ್ಪಣಿಯನ್ನೂ ಮೇಡಂ ಓದಿದ್ದಾರೆ. "ಇಂಟರೆಸ್ಟಿಂಗ್" ಅಂದರು.

ಮನೆಯಲ್ಲಿ ಹೇಳಿದೆ. ಶಹಜಹಾನ್ ಬೇಗಂ ನಿಮ್ಮ ಪತ್ರಗಳನ್ನೆಲ್ಲ ತರಿಸಿಕೊಂಡು ಕೂತಳು. "ಎಳ್ಳುಬೆಲ್ಲದ ಕಾಗದ ಒಂದೂವರೆ ಪುಟ, ಹದಿನೇಳು ಮೂಗಿನ ಕಾಗದ ಮೂರು ಸಾಲು. ಈ ಹುಡುಗಿ ಏನೋ ಮುಚ್ಚಿಡ್ತಿದೆ ರೀ" ಎಂದಳು. ನಿನಗೆ ವಿಜ್ಞಾನ ತಿಳಿಯದು ಎಂದು ಸುಮ್ಮನಾಗಿಸಿದೆ.

ನಿಮ್ಮ,
ಮುಕ್ತಾರ್ ಅಹಮದ್


ಜಡೆ
೧೧ ಫೆಬ್ರವರಿ ೨೦೨೫, ಮಂಗಳವಾರ

ಸರ್,

ಮೇಡಂಗೆ ವಿಜ್ಞಾನ ತಿಳಿಯುತ್ತದೆ. ನಿಮ್ಮ ಮನೆಯ ಮೇಡಂಗೆ.

ಹದಿನೇಳು ಓಲೆಪ್ರತಿ ಸಿಕ್ಕಿ, ಹದಿನೇಳರಲ್ಲೂ ಒಂದು ಕೊಂಬು, ಒಂದು ಸೊನ್ನೆ ಬೇರೆ ಇಲ್ಲವೆಂದರೆ ನಮ್ಮ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: ಅವು ಹದಿನೇಳು ಪ್ರತಿಗಳಲ್ಲ, ಒಂದೇ ಪ್ರತಿಯನ್ನು ಯಾರೋ ಹದಿನೇಳು ಸಲ ಎಣಿಸಿದ್ದಾರೆ. ನಿಮ್ಮ ಪತ್ರ ಓದಿದಾಗ ನನಗೆ ಕೇಳಿಸಿದ್ದು ಅವರ ದನಿ.

ಹದಿನೇಳೂ ಪುಟ್ಟಪ್ಪನವರ ಮೂಗು, ಸರ್.

ಅವತ್ತು ಭಾನುವಾರ ಅವರು ಜ್ವರದಲ್ಲೇ ಕೋಣೆಗೆ ಬಂದರು. ಮಾಲೀಕರಿಂದ ನನ್ನ ಸಂಗತಿ ತಿಳಿದಿತ್ತಂತೆ. "ಎಷ್ಟು ಮೂಗು ಕಮ್ಮಿ ಬಿದ್ದಿದೆ ತಂಗಿ?" ಎಂದರು. ಹದಿನೇಳು ಎಂದೆ. "ನಮ್ಮನೆ ರೇಷನ್ ಕಾರ್ಡಲ್ಲಿ ಸರಿಯಾಗಿ ಹದಿನೇಳು ಹೆಸರು. ದೇವರೇ ಕಳಿಸಿದ್ದು ನನ್ನ" ಎಂದು ಜೇಬಿನಿಂದ ಕಾರ್ಡು ತೆಗೆದರು. ಎಲ್ಲರಿಗೂ ಜ್ವರವೇ ಎಂದು ಕೇಳಿದೆ. "ಯಜಮಾನನಿಗೆ ಬಂದ ಮೇಲೆ ಮನೆಗೆ ಬಂದಂಗೇ ಅಲ್ವಾ" ಎಂದರು. ಹಾಗಾದರೆ ಅವರೂ ಬರಬೇಕಲ್ಲ ಎಂದೆ. ಇಷ್ಟನ್ನು ನಾನು ಗಟ್ಟಿಯಾಗಿಯೇ ಹೇಳಿದೆ, ಅದನ್ನು ದಯವಿಟ್ಟು ಗಮನಿಸಿ.

"ಅಲ್ಲ ಮಾರಾಯ್ತಿ, ರೇಷನ್ನಿಗೆ ಹೆಬ್ಬೆಟ್ಟು ಒತ್ತೋದು ನಾನು. ಪಹಣೀಲಿ ಹೆಸರು ನಂದು. ಸೊಸೈಟಿ ಮೀಟಿಂಗಿಗೆ ಹೋಗಿ ಕೈ ಎತ್ತೋದು ನಾನು. ಮೂಗಿಗೆ ಮಾತ್ರ ಹದಿನೇಳು ಜನ ಬಸ್ ಸ್ಟ್ಯಾಂಡಿಗೆ ಮೆರವಣಿಗೆ ಬರಬೇಕಾ? ತಗೋ ಅತ್ಲಾಗೆ."

ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಒಂದು ತೆಗೆದೆ. ಅವರು ಒಂದು ಹೆಸರು ಓದಿದರು, ನಾನು ಬರೆದೆ. ಮೂರನೆಯದಕ್ಕೆ ಕಣ್ಣು ಬಿಟ್ಟು ಎಚ್ಚರಿಸಿದರು: "ಬಲಗಡೆದು ಗಂಡಸರಿಗೆ, ಎಡಗಡೆದು ಹೆಂಗಸರಿಗೆ. ಕಲಸಿಬಿಟ್ಟೀಯ ಮತ್ತೆ."

ಕಂದು ಬಣ್ಣ ದೂಳಿನದಲ್ಲ, ನಶ್ಯದ್ದು. ಸೀನು ಬಂದಾಗಲೆಲ್ಲ ನಿಲ್ಲಿಸಿ, ಒಂದು ಚಿಟಿಕೆ ಏರಿಸಿ, "ಹೂಂ, ಮುಂದಿನದು" ಎನ್ನುತ್ತಿದ್ದರು. ಸಂಗೀತಳ ಹೆಸರು ಕೊನೆಯದು. ಅಷ್ಟು ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು.

ಹೂವಮ್ಮನವರು ಅವರ ತಾಯಿ. ನಿಮ್ಮ ಸಲಾಮು ತಿಳಿಸಲು ಹೋದಾಗ ಪುಟ್ಟಪ್ಪನವರು ಗೋಡೆ ತೋರಿಸಿದರು. ಫೋಟೋಗೆ ಹಾರ ಹಾಕಿತ್ತು. ತೀರಿಕೊಂಡು ಮೂರು ವರ್ಷವಾಯಿತಂತೆ. ಕಾರ್ಡಿನಲ್ಲಿ ಹೆಸರು ತೆಗೆಸಿಲ್ಲ. ಬಂದ ಕೆಲಸ ಬಿಡಬಾರದೆಂದು ಫೋಟೋಗೇ ತಿಳಿಸಿದೆ.

ಅವತ್ತೇ ನಿಮಗೆ ಬರೆಯಬೇಕಿತ್ತು. ಕೆಲಸ ಉಳಿಯಲಿ ಎಂಬ ಆಸೆಯಿಂದ ಬರೆಯಲಿಲ್ಲ. ಈಗ ನಾಲ್ವರು ವಿಜ್ಞಾನಿಗಳು ಇಲ್ಲದ ಒಂದು ತಳಿ ಹುಡುಕಿಕೊಂಡು, ಇಲ್ಲದ ಒಬ್ಬ ಅಜ್ಜಿಯನ್ನು ನೋಡಲು ಬರುತ್ತಾರೆ. ಅವರನ್ನು ತಡೆಯಿರಿ. ಕೋಣೆಯ ಬೀಗದ ಕೈ ಮುಂದಿನ ಮಂಗಳವಾರ ಪೆಟ್ಟಿಗೆಯಲ್ಲಿ ಕಳಿಸುತ್ತೇನೆ.

ಶಶಿರೇಖಾ


ಶಿಕಾರಿಪುರ
೧೪ ಫೆಬ್ರವರಿ ೨೦೨೫, ಶುಕ್ರವಾರ

ಶ್ರೀಮತಿ/ಕುಮಾರಿ ಶಶಿರೇಖಾ, ಮಾದರಿ ಸಂಗ್ರಾಹಕಿ, ಜಡೆ, ಇವರಿಗೆ.

ತಾವು ದಿನಾಂಕ ೨೧-೧-೨೦೨೫ರಂದು ಕಳಿಸಿದ ಹದಿನೇಳು ಮಾದರಿಗಳಲ್ಲಿ ಹದಿನಾರನ್ನು ರದ್ದುಪಡಿಸಲಾಗಿದೆ. ಇದು ಗಂಭೀರ ಲೋಪ. ತಮ್ಮ ಪತ್ರವನ್ನು ಮೇಲಧಿಕಾರಿಗಳಿಗೆ ಸಲ್ಲಿಸಲಾಗಿದೆ.

ಮುಕ್ತಾರ್ ಅಹಮದ್
ತಂತ್ರಜ್ಞ

ಮೇಲಿನದನ್ನು ಬೆಳಿಗ್ಗೆ ಬರೆದೆ. ಸಿಟ್ಟಿನಲ್ಲಿ ಶ್ರೀಮತಿಯೋ ಕುಮಾರಿಯೋ ಒಂದನ್ನು ಹೊಡೆದುಹಾಕುವುದನ್ನೂ ಮರೆತೆ. ಈಗ ಮಧ್ಯಾಹ್ನ, ಬಸ್ಸಿಗೆ ಇನ್ನೂ ಹೊತ್ತಿದೆ.

ಊಟಕ್ಕೆ ಹೋದಾಗ ನಿಮ್ಮ ಪತ್ರ ಮನೆಯಲ್ಲಿ ಓದಿದೆ. ಎಡ ಮೂಗು, ಬಲ ಮೂಗಿಗೆ ಬರುವಷ್ಟರಲ್ಲಿ ಶಹಜಹಾನ್ ಬೇಗಂ ಸೌಟು ಕೆಳಗಿಟ್ಟು ನೆಲದ ಮೇಲೆ ಕೂತಳು. ಫೋಟೋಗೆ ಸಲಾಮು ಹೇಳಿದ ಕಡೆ ಬಂದಾಗ ಅವಳು ನಕ್ಕು ನಕ್ಕು ಉಸಿರು ಸಿಗದಂತಾಗಿ ಪಕ್ಕದ ಮನೆಯವರು ಓಡಿಬಂದರು. ನನಗೆ ನಗು ಬರಲಿಲ್ಲ. ದೂಳಿನ ಟಿಪ್ಪಣಿಗೆ ಸಹಿ ಮಾಡಿದವನು ನಾನು. ಮಗುವಿನ ಕೊಳವೆ ಅಷ್ಟು ಕಪ್ಪಗಿರುವುದು ಕಂಡೂ ಒಂದು ಪ್ರಶ್ನೆ ಕೇಳದೆ ಸಿದ್ಧಾಂತ ಕಟ್ಟಿದೆ. ಇಪ್ಪತ್ತು ಆಯಿತಲ್ಲ ಎಂಬ ಖುಷಿ ನನಗೂ ಇತ್ತು. ಲೋಪದ ಪತ್ರದಲ್ಲಿ ಅದನ್ನೂ ಬರೆದು ಕಳಿಸಿದ್ದೇನೆ.

ವಾಣಿಶ್ರೀ ಮೇಡಂಗೆ ಫೋನು ಮಾಡಿದೆ. ತುಂಬ ಹೊತ್ತು ಆ ಕಡೆ ಮಾತಿಲ್ಲ. ಕೇಳಿಸದ ಕಿವಿಗೆ ಹಿಡಿದಿದ್ದೇನೇನೋ ಎಂದು ಬದಲಿಸಿದೆ. ಆಮೇಲೆ ಹೇಳಿದರು: "ಒಂದೇ ಮೂಗನ್ನ ಹದಿನೇಳು ಸಲ ಓದಿ ನಮ್ಮ ಮಷೀನು ಒಂದಕ್ಷರಾನೂ ತಪ್ಪಿಲ್ಲ. ಈ ಪರೀಕ್ಷೆ ನಾವೇ ಮಾಡಬೇಕಿತ್ತು, ಪುಟ್ಟಪ್ಪನವರು ಮಾಡಿಕೊಟ್ರು." ತಂಡ ಬರುವುದು ರದ್ದಾಯಿತು.

ಆದರೆ ಇನ್ನೊಂದು ಮಾತನ್ನೂ ಹೇಳಿದರು, ಅದು ನಗುವ ಮಾತಲ್ಲ. ಸುಳ್ಳು ತಳಿ ಕಂಡರೆ ನಾಲ್ಕು ದಿನ ಓಡಾಡಿ ಸುಸ್ತಾಗುತ್ತೇವೆ, ಅಷ್ಟೆ. ಆ ಮನೆಯ ಉಳಿದವರ ಮೂಗಿನಲ್ಲಿ ನಿಜವಾಗಿ ಏನಿತ್ತೋ ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಬೀಗದ ಕೈ ಈಗಲೇ ಕಳಿಸಬೇಡಿ. ಹುದ್ದೆಯ ತೀರ್ಮಾನ ಫೆಬ್ರವರಿ ಮುಗಿದ ಮೇಲೆ. ಅಲ್ಲಿಯವರೆಗೆ ಕೋಣೆ ನಿಮ್ಮದು.

ಮು. ಅ.


ಜಡೆ
೧೮ ಫೆಬ್ರವರಿ ೨೦೨೫, ಮಂಗಳವಾರ

ಸರ್,

ಒಂಬತ್ತು ಕೊಳವೆ ಕಳಿಸುತ್ತಿದ್ದೇನೆ. ಒಂಬತ್ತು ಮೂಗು. ಎರಡೆರಡು ಸಲ ಹೊಳ್ಳೆ ನೋಡಿ ಬರೆದಿದ್ದೇನೆ.

ನಿಮ್ಮ ಪತ್ರ ಬಂದ ಮರುದಿನ ಪುಟ್ಟಪ್ಪನವರ ಮನೆಗೆ ಹೋದೆ. ಮಾದರಿ ರದ್ದಾಯಿತು, ಅದನ್ನು ಮನೆಯವರಿಗೂ ತಿಳಿಸಬೇಕು ಎಂದೆ. ಜಗಲಿಯಲ್ಲಿ ಕೂತಿದ್ದವರು "ಮೆಲ್ಲಗೆ, ಮೆಲ್ಲಗೆ" ಎಂದರು. ನನಗೆ ಯಾರಾದರೂ ಮೆಲ್ಲಗೆ ಮಾತಾಡು ಎಂದದ್ದು ಅದೇ ಮೊದಲು. ಒಳಗಿಂದ ಅವರ ಹೆಂಡತಿ ವನಜಮ್ಮ ಕಂಬಳಿ ಹೊದ್ದುಕೊಂಡು ಬಂದರು. ಅವರಿಗೆ ಈಗ ನಿಜವಾಗಿಯೇ ಜ್ವರ. ಮೊಮ್ಮಗಳು ಸಂಗೀತ ಶಾಲೆಯಿಂದ ತಂದದ್ದು ಮನೆಯಲ್ಲಿ ಒಂಬತ್ತು ಜನರಿಗಾಗಿದೆ. ಈ ಸಲ ಪುಟ್ಟಪ್ಪನವರು ಗಟ್ಟಿಯಾಗಿದ್ದಾರೆ.

ಪಟ್ಟಿ ಓದು ಎಂದರು ವನಜಮ್ಮ. ಓದಿದೆ. ಅವರ ಹೆಸರು ಬಂದಾಗ ಕೈ ಎತ್ತಿದರು.

"ನನ್ನ ಹೆಸರು ಬರೆದ ಕೊಳವೇಲಿ ಇವರ ಮೂಗಾ?"

ಹೌದೆಂದೆ.

"ಯಾವ ಕಡೇದು?"

ಎಡಗಡೆಯದು ಎಂದೆ.

"ಅಲ್ರೀ," ಎಂದು ಗಂಡನ ಕಡೆ ತಿರುಗಿದರು, "ನಲವತ್ತೆರಡು ವರ್ಷ ಆಯ್ತು ಈ ಮನೆಗೆ ಬಂದು. ಮದುವೆಗೆ ಹೂಂ ಅಂದಿದ್ದು ನಮ್ಮಪ್ಪ. ಬ್ಯಾಂಕಿಗೆ ಹೂಂ ಅನ್ನೋದು ನೀವು. ಸಹಿ ಎಲ್ಲಿ ಅಂದ್ರೆ ಅಲ್ಲಿ ಹಾಕಿದೀನಿ. ಜ್ವರ ಒಂದಾದ್ರೂ ನಂದು ಅಂದ್ಕಂಡಿದ್ದೆ. ಅದನ್ನೂ ನೀವೇ ಬರೆಸಿ ಬಂದ್ರಾ?"

"ಹದಿನೇಳು ಸಲ ಚುಚ್ಚಿಸ್ಕಂಡಿದ್ದು ಯಾರಿಗಾಗಿ ಮಾರಾಯ್ತಿ? ನಿಮಗ್ಯಾರಿಗೂ ನೋವಾಗಬಾರದು ಅಂತಲ್ವಾ? ಮೂರು ದಿನ ಮೂಗು ಮುಟ್ಟಕ್ಕಾಗಲಿಲ್ಲ ನಂಗೆ."

ಅದು ನಿಜವೇ ಸರ್. ಅವರ ಮುಖ ನೋಡಿದಾಗ ನನಗೆ ಗೊತ್ತಾಯಿತು. ವನಜಮ್ಮನಿಗೂ ಗೊತ್ತಾಗಿರಬೇಕು, ದನಿ ಸ್ವಲ್ಪ ಇಳಿಯಿತು.

"ನೋವಾಗತ್ತೋ ಇಲ್ವೋ ನನ್ನ ಮೂಗು ಹೇಳ್ಲಿ" ಎಂದರು. ಆಮೇಲೆ ಅತ್ತೆಯ ಫೋಟೋ ತೋರಿಸಿ, "ಇವರ ಹೆಸರನ್ನೂ ಮೊದಲು ತೆಗೆಸಿ. ಇದ್ದಾಗ ಒಂದು ದಿನ ನೆಗಡಿ ಅಂದವರಲ್ಲ, ಸತ್ತ ಮೇಲೆ ಜ್ವರ ಬರಿಸಿಬಿಟ್ರಿ."

ನಿನ್ನೆ ಬೆಳಿಗ್ಗೆ ಒಂಬತ್ತೂ ಜನ ಕೋಣೆಗೆ ಬಂದರು. ವನಜಮ್ಮ ಮೊದಲು ಕೂತರು. ಕಡ್ಡಿ ಹಿಡಿದು ಎರಡು ಸಲ ಅವರ ಮೂಗಿನವರೆಗೆ ಹೋಗಿ ವಾಪಸು ಬಂದೆ. "ಹೆದರಬೇಡ ತಂಗಿ, ನಾನಿದೀನಿ" ಎಂದರು. ಯಾರು ಯಾರಿಗೆ ಹೇಳಬೇಕಾದ ಮಾತು ನೋಡಿ. ಆಗಿದ್ದು ನೋವಲ್ಲ, ಕಣ್ಣಲ್ಲಿ ನೀರು ಬಂತಷ್ಟೆ ಎಂದು ತೀರ್ಪು ಕೊಟ್ಟರು. ಆ ತೀರ್ಪು ಸಂಜೆಯೊಳಗೆ ಊರಿಗೆಲ್ಲ ಮುಟ್ಟಿದೆ. ಇವತ್ತು ಬೀಗ ತೆಗೆಯುವಾಗಲೇ ಬಾಗಿಲಲ್ಲಿ ಇಬ್ಬರಿದ್ದರು.

ಶಶಿರೇಖಾ


ಶಿಕಾರಿಪುರ
೭ ಮಾರ್ಚ್ ೨೦೨೫, ಶುಕ್ರವಾರ

ಪ್ರಿಯ ಶಶಿರೇಖಾ,

ಮೊದಲು ಒಂಬತ್ತು ಮೂಗಿನ ಫಲಿತಾಂಶ. ಎಲ್ಲವೂ ಹತ್ತಿರದ ಬಂಧುಗಳು, ಆದರೆ ಒಂದೇ ಅಚ್ಚಲ್ಲ. ಒಂದೆರಡು ಅಕ್ಷರ ಅಲ್ಲಲ್ಲಿ ಬೇರೆ. ಪುಟ್ಟಪ್ಪನವರ ಜನವರಿಯ ವೈರಾಣುವಿಗೂ ಇವಕ್ಕೂ ನೇರ ಸಂಬಂಧವಿಲ್ಲ, ಇದು ಬೇರೆ ಕವಲು. ಯಾರಿಂದ ಯಾರಿಗೆ ದಾಟಿತು ಎಂದು ಖಂಡಿತವಾಗಿ ಹೇಳಲಾಗದು. ಆದರೆ ಯಜಮಾನರಿಂದ ಯಾರಿಗೂ ಬಂದಿಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು. ಅವರಿಗೆ ಮೆಲ್ಲಗೆ ತಿಳಿಸಿ. ಭಯಪಡುವಂಥದ್ದು ಯಾವುದರಲ್ಲೂ ಇಲ್ಲ.

ಫೆಬ್ರವರಿಯ ಲೆಕ್ಕ ಇಪ್ಪತ್ತಮೂರು. ಈ ಸಲ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ, ಇಪ್ಪತ್ತಮೂರೂ ಗುಲಾಬಿ.

ಇನ್ನು ಮೇಲಿನವರ ತೀರ್ಮಾನ. ಜನವರಿಯ ಲೆಕ್ಕ ನಾಲ್ಕು ಎಂದು ತಿದ್ದಿದ್ದಾರೆ. ನಿಯಮದ ಪ್ರಕಾರ ಹುದ್ದೆ ಹೋಗಬೇಕಿತ್ತು. ಲೋಪವನ್ನು ಯಾರೂ ಹಿಡಿಯುವ ಮೊದಲು ನೀವೇ ಬರೆದಿರಿ ಎಂಬ ಕಾರಣಕ್ಕೆ, ಒಂದು ಷರತ್ತಿನ ಮೇಲೆ ಸೆಪ್ಟೆಂಬರ್‌ವರೆಗೆ ಮುಂದುವರಿಸಲು ಒಪ್ಪಿದ್ದಾರೆ. ಷರತ್ತು ಓದುವ ಮುಂಚೆ ಕೂತುಕೊಳ್ಳಿ.

ಇಪ್ಪತ್ತನೇ ತಾರೀಖು ಗುರುವಾರ ಇಲ್ಲಿ ಎಲ್ಲ ತಾಲ್ಲೂಕುಗಳ ಸಂಗ್ರಾಹಕರಿಗೆ ತರಬೇತಿ. ನಲವತ್ತು ಜನ. ಒಂದು ಮೂಗು ಹದಿನೇಳಾದದ್ದು ಹೇಗೆ ಎಂದು ನೀವು ಅವರೆದುರು ನಿಂತು ಅರ್ಧ ಗಂಟೆ ಹೇಳಬೇಕು. ಮೈಕ್ ಇರುತ್ತದೆ. ಬರೆದುಕೊಟ್ಟರೆ ನಾನು ಓದುತ್ತೇನೆ ಎಂದು ಕೇಳಿ ನೋಡಿದೆ, ಒಪ್ಪಲಿಲ್ಲ. ಬರುತ್ತೀರೋ ಇಲ್ಲವೋ ಮಂಗಳವಾರದ ಪೆಟ್ಟಿಗೆಯಲ್ಲಿ ತಿಳಿಸಬೇಕು. ಶಹಜಹಾನ್ ಬೇಗಂ ಅವತ್ತು ನಿಮಗೆ ಊಟ ನಮ್ಮ ಮನೆಯಲ್ಲೇ ಎಂದು ಹೇಳಿದ್ದಾಳೆ. ಅದಕ್ಕೆ ಷರತ್ತಿಲ್ಲ.

ಮುಕ್ತಾರ್ ಅಹಮದ್


ಜಡೆ
೧೧ ಮಾರ್ಚ್ ೨೦೨೫, ಮಂಗಳವಾರ

ಮುಕ್ತಾರ್ ಸಾಹೇಬರಿಗೆ,

ನಾಲ್ಕು ಕೊಳವೆ ಇವೆ. ನಮೂನೆಯಲ್ಲಿ ಎಲ್ಲ ವಿವರ ಇದೆ.

ನಿಮ್ಮ ಪತ್ರ ಬಂದ ದಿನ ನನಗೇ ಜ್ವರ ಬಂದ ಹಾಗಾಯಿತು. ಕಡ್ಡಿ ಹಾಕಿಕೊಂಡು ನೋಡಬೇಕೆಂದುಕೊಂಡೆ. ಅದು ಹೆದರಿಕೆ, ಯಂತ್ರಕ್ಕೆ ಕಾಣುವಂಥದ್ದಲ್ಲ. ಶನಿವಾರ ಪೂರ್ತಿ ಬರುವುದಿಲ್ಲ ಎಂಬ ಪತ್ರ ಬರೆದೆ. ನಾಲ್ಕು ಸಲ ಬರೆದೆ. ನಾಲ್ಕೂ ಸಲ ಕಾರಣ ಬೇರೆ ಬೇರೆ ಇತ್ತು.

ಭಾನುವಾರ ವನಜಮ್ಮ ಬಂದರು. ಅವರ ಜ್ವರ ಬಿಟ್ಟಿದೆ. ವಿಷಯ ಕೇಳಿ, "ಅಷ್ಟೇನಾ? ನಾನ್ ಬಂದು ಹೇಳ್ತೀನಿ ಬಿಡು. ನೀ ಪಕ್ಕದಲ್ಲಿ ಕೂತ್ಕೋ. ನಂಗೆಂಥ ಹೆದ್ರಿಕೆ, ನಲವತ್ತು ಜನ ಅಂದ್ರೆ ನಮ್ಮನೆ ಎರಡು ಪಂಕ್ತಿ" ಎಂದರು. ಅರ್ಧ ಗಂಟೆ ಸಾಕಾಗಲಿಕ್ಕಿಲ್ಲ ಎಂದೂ ಸೇರಿಸಿದರು. ನನಗೆ ಎಷ್ಟು ಹಗುರವಾಯಿತೆಂದರೆ, ಆಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಮೇಲೆ ನಾನೇ ಬೇಡ ಎಂದೆ. ಗಟ್ಟಿಯಾಗಿಯೇ ಹೇಳಿರಬೇಕು, ಮಾಲೀಕರು ಹೊರಗಿಂದ ಇಣುಕಿದರು. ವನಜಮ್ಮ ನನ್ನನ್ನು ಒಂದು ಗಳಿಗೆ ನೋಡಿ, "ಹಂಗಾರೆ ಕೇಳಕ್ಕೆ ಬರ್ತೀನಿ. ಅದಕ್ಕೇನೂ ತಕರಾರಿಲ್ಲ ತಾನೇ?" ಎಂದರು. ಪುಟ್ಟಪ್ಪನವರು ತಾವೂ ಬರುತ್ತೇನೆ ಎಂದಿದ್ದಾರೆ. ಮಾತಾಡುವುದಿಲ್ಲವಂತೆ, ಹಿಂದೆ ಕೂತಿರುತ್ತಾರಂತೆ.

ಇಪ್ಪತ್ತನೇ ತಾರೀಖು ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ವನಜಮ್ಮನಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ. ನನಗೆ ಬೇಡ, ನಾನು ನಿಂತಿರುತ್ತೇನೆ.

ಶಶಿರೇಖಾ